ಅರಿವಳಿಕೆ ನಿದ್ರೆಯೇ?

ಕಾಶಿಯ ಸೋನಾರ್‌ಪುರದಿಂದ ದಕ್ಷಿಣಕ್ಕೆ, ಅಸ್ಸಿಯನ್ನು ದಾಟಿ ಸಾಗಿದರೆ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆ ಸಿಗುತ್ತದೆ. ಇಂತಹ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಬಂದ ರೋಗಿಗೆ "ನಿದ್ದೆ ಬರಿಸುತ್ತೇವೆ" ಎಂದು ಹೇಳುವುದು ರೂಢಿ. ಮಾತು ಧೈರ್ಯ ತುಂಬುತ್ತದೆ, ನಿಜ. ಆದರೆ ಅರಿವಳಿಕೆಯು ನಿದ್ರೆಯಲ್ಲ.

ಸಹಜ ನಿದ್ರೆಗೆ ಹಂತಗಳಿವೆ. ಮೊದಲು ಮಂಪರು, ಬಳಿಕ ಹಗುರ ನಿದ್ರೆ, ಅನಂತರ ಮಿದುಳಿನ ವಿದ್ಯುತ್ ಅಲೆಗಳು ನಿಧಾನವೂ ದೊಡ್ಡವೂ ಆಗುವ ಗಾಢ ನಿದ್ರೆ. ಕೊನೆಗೆ, ಮುಚ್ಚಿದ ರೆಪ್ಪೆಗಳಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಕನಸಿನ ಹಂತ. ಇದನ್ನು ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದರು. ಸುಮಾರು 90 ನಿಮಿಷಗಳ ಈ ಚಕ್ರವು ರಾತ್ರಿಯಲ್ಲಿ ನಾಲ್ಕೈದು ಬಾರಿ ಮರಳುತ್ತದೆ. ಯಾವ ಹಂತದಲ್ಲಿಯೇ ಆಗಲಿ, ಜೋರಾಗಿ ಕರೆದರೆ ಅಥವಾ ಚಿವುಟಿದರೆ ಎಚ್ಚರವಾಗುತ್ತದೆ.

ಅರಿವಳಿಕೆಯಲ್ಲಿ ಈ ಚಕ್ರವಿಲ್ಲ. ಪ್ರೊಪೊಫಾಲ್‌ನಂತಹ ಔಷಧವು ನರಕೋಶಗಳನ್ನು ತಡೆಹಿಡಿಯುವ 'ಗಾಬಾ' ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಆಗಲೂ ಗಾಢ ನಿದ್ರೆಯಲ್ಲಿರುವಂತೆ ನಿಧಾನ ಅಲೆಗಳು ಕಾಣುತ್ತವೆ. ಹೋಲಿಕೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಪ್ರಮಾಣ ಹೆಚ್ಚಿದಾಗ ಅಲೆಗಳು ಆಗಾಗ ಪೂರ್ತಿ ನಿಂತುಹೋಗುವುದುಂಟು. ಆರೋಗ್ಯವಂತರ ನಿದ್ರೆಯಲ್ಲಿ ಹೀಗಾಗದು. ಕತ್ತಿ ತಾಗಿದರೂ ಎಚ್ಚರವಾಗದ ಈ ಸ್ಥಿತಿಯಲ್ಲಿ ಉಸಿರಾಟವೂ ಕುಗ್ಗುವುದರಿಂದ ಅರಿವಳಿಕೆ ತಜ್ಞರು ರೋಗಿಯ ಬಳಿಯಿಂದ ಕದಲುವುದಿಲ್ಲ.

ಕಾಶೀರಾಜ ದಿವೋದಾಸನ ಶಿಷ್ಯನೆನ್ನಲಾದ ಸುಶ್ರುತನ ಸಂಹಿತೆಯು, ಶಸ್ತ್ರಕ್ರಿಯೆಗೆ ಮುನ್ನ ರೋಗಿಗೆ ಉಣಬಡಿಸಿ, ನೋವು ತಾಳಲಾರದ ಮದ್ಯಪಾನಿಗೆ ತೀಕ್ಷ್ಣ ಮದ್ಯ ಕೊಡಬೇಕೆನ್ನುತ್ತದೆ. ಇಂದಿನ ನಿಯಮ ಇದಕ್ಕೆ ವಿರುದ್ಧ. ಮಲಗಿ ನಿದ್ರಿಸುವವನ ಗಂಟಲಿಗೆ ಏನಾದರೂ ಬಂದರೆ ಕೆಮ್ಮು ಅವನನ್ನು ಕಾಪಾಡುತ್ತದೆ. ಅರಿವಳಿಕೆಯಲ್ಲಿ ಆ ರಕ್ಷಣೆ ಇಲ್ಲ. ಹೊಟ್ಟೆಯಲ್ಲಿರುವುದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ಆದ್ದರಿಂದಲೇ ಘನ ಆಹಾರವನ್ನು ಕನಿಷ್ಠ 6 ಗಂಟೆ ಮೊದಲೂ, ನೀರನ್ನು 2 ಗಂಟೆ ಮೊದಲೂ ನಿಲ್ಲಿಸಲು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಮನೆಯವರು ಮರುಕದಿಂದ ಗುಟ್ಟಾಗಿ ಹಾಲು ಕುಡಿಸುವುದು ಹಿತವಲ್ಲ.

ಗೊರಕೆಯನ್ನು ಹೇಳಿಕೊಳ್ಳಲು ಹಲವರಿಗೆ ಸಂಕೋಚ. ನಿದ್ರೆಯಲ್ಲಿ ಆಗಾಗ ಉಸಿರು ಕಟ್ಟುವವರಿಗೆ ಅರಿವಳಿಕೆಯ ಅಪಾಯ ಹೆಚ್ಚು. ಇದನ್ನು ಗಮನಿಸಿರುವವರು ಬಹುಶಃ ರೋಗಿಯ ಪಕ್ಕದಲ್ಲಿ ಮಲಗುವವರೇ. ವೈದ್ಯರಿಗೆ ಅವರು ತಿಳಿಸುವುದು ಅಗತ್ಯ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿಗಳಲ್ಲಿ ನೋವು, ನೋವುನಿವಾರಕ ಔಷಧಗಳು ಮುಂತಾದ ಕಾರಣಗಳಿಂದ ಕನಸಿನ ಹಂತ ಬಹಳ ಕಡಿಮೆಯಾಗಿ, ಕೆಲ ದಿನಗಳ ಬಳಿಕ ಹೆಚ್ಚಾಗಿ ಮರಳುತ್ತದೆ. ಆ ಹಂತದಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುವುದರಿಂದ, ಉಸಿರುಕಟ್ಟುವ ತೊಂದರೆಯುಳ್ಳವರ ರಕ್ತದಲ್ಲಿನ ಆಮ್ಲಜನಕದ ಮೇಲೆ ಆ ರಾತ್ರಿಗಳಲ್ಲಿಯೂ ನಿಗಾ ಇಡಲಾಗುತ್ತದೆ.