ಇಡ್ಲಿ ಖರ್ಚಿನ ಗೆರೆ ಓದುವುದು ಹೇಗೆ?

ನಮ್ಮಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹತ್ತನೆಯ ತನಕ ಓದಿದವರು. ಅಲ್ಲಿ ಗ್ರಾಫ್ ಪೇಪರಿನ ಮೇಲೊಂದು ಗೆರೆ ತೋರಿಸಿ ಅದರ ಸಮೀಕರಣ ಬರೆಯಿರಿ ಎನ್ನುತ್ತಿದ್ದರು. ಗಲ್ಲಾಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆವು. ಸಂಬಂಧ ಇದೆ.

ಅಡ್ಡಕ್ಕೆ ದಿನದ ಇಡ್ಲಿ ಪ್ಲೇಟು, ಉದ್ದಕ್ಕೆ ದಿನದ ಖರ್ಚು ಗುರುತಿಸಿ. ದುಂಡು ಅಂಕಿ ಹಿಡಿಯೋಣ: 200 ಪ್ಲೇಟು ಹೋದ ದಿನ ಖರ್ಚು 8,000 ರೂ., 400 ಹೋದ ದಿನ 11,000. ಎರಡು ಚುಕ್ಕೆಗಳನ್ನು ಸ್ಕೇಲಿನಿಂದ ಸೇರಿಸಿ. 200 ಪ್ಲೇಟು ಮುಂದೆ ಹೋದಾಗ ಗೆರೆ 3,000 ಏರಿತು. 3,000ವನ್ನು 200ರಿಂದ ಭಾಗಿಸಿದರೆ 15. ಇದು ಗೆರೆಯ ಏರು. ಒಂದು ಪ್ಲೇಟಿನ ಅಕ್ಕಿ, ಉದ್ದು, ಗ್ಯಾಸು, ಚಟ್ನಿ, ಸಾಂಬಾರು ಎಲ್ಲ ಇದರಲ್ಲಿ ಬಂತು. ಗೆರೆಯನ್ನು ಹಿಂದಕ್ಕೆ ಎಳೆದರೆ ಉದ್ದ ಗೆರೆಯನ್ನು 5,000ದಲ್ಲಿ ಮುಟ್ಟುತ್ತದೆ. ಒಂದೂ ಪ್ಲೇಟು ಹೋಗದಿದ್ದರೂ ಕೊಡಬೇಕಾದ ಬಾಡಿಗೆ, ಪಗಾರ ಅದು. ಸಮೀಕರಣ: ಖರ್ಚು = 15 × ಪ್ಲೇಟು + 5,000.

ನಿಜವಾದ ಲೆಕ್ಕಕ್ಕೆ ಹತ್ತು ಹನ್ನೆರಡು ದಿನಗಳ ಚುಕ್ಕೆ ಇಟ್ಟು ನಡುವೆ ಹಾಯುವಂತೆ ಗೆರೆ ಎಳೆಯಬೇಕು.

ಟ್ಯಾಕ್ಸಿ ಮೀಟರಿಗೂ ಗೆರೆಯಿದೆ. 2025ರ ಫೆಬ್ರವರಿ 1ರಿಂದ ಜಾರಿಗೆ ಬಂದ ದರದಲ್ಲಿ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂ., ಮುಂದೆ ಕಿ.ಮೀ.ಗೆ 20.66. ಆ ಏರುಗೆರೆಯನ್ನು ಹಿಂದಕ್ಕೆ ಎಳೆದರೆ ಸೊನ್ನೆಗೇ ಹೋಗಿ ಸೇರುತ್ತದೆ. ಅಂಥ ಗೆರೆಗೆ ಸರಾಸರಿಯೂ ಏರೂ ಒಂದೇ. ನಮ್ಮ ಇಡ್ಲಿಯ ಗೆರೆ ಹಾಗಲ್ಲ.

ಇಲ್ಲೇ ನಾವು ಒಮ್ಮೆ ಎಡವಿದೆವು. ಒಂದು ಆಫೀಸಿನವರು ದಿನಾ 100 ಪ್ಲೇಟು ಹೆಚ್ಚಿಗೆ, ಆದರೆ ಕಡಿಮೆ ದರಕ್ಕೆ ಕೇಳಿದ್ದರು. ಮೇಲಿನ ಅಂಕಿಯಲ್ಲೇ ಹೇಳುವುದಾದರೆ, 25 ರೂ. ದರ. 400 ಪ್ಲೇಟಿಗೆ 11,000, ಅಂದರೆ ಪ್ಲೇಟಿಗೆ 27.50 ಬೀಳುತ್ತದೆ, ನಷ್ಟ ಎಂದು ಬೇಡವೆಂದೆವು. ಬಾಡಿಗೆ, ಪಗಾರ ಆಗಲೇ ಹುಟ್ಟಿತ್ತು. ಹೆಚ್ಚಿನ ಪ್ಲೇಟಿಗೆ ಬೀಳುವುದು 15 ಮಾತ್ರ. ಡಬ್ಬಿ, ಸಾಗಾಟಕ್ಕೆ 3 ರೂ. ಸೇರಿಸಿದರೂ ದಿನಕ್ಕೆ 700 ಉಳಿಯುತ್ತಿತ್ತು. ಆರ್ಡರು ಪಕ್ಕದ ಹೋಟೆಲಿಗೆ ಹೋಯಿತು.

ಇದೇ ಕಾಗದದ ಮೇಲೆ ಮಾರಾಟದ ಗೆರೆಯನ್ನೂ ಎಳೆಯಿರಿ. ಪ್ಲೇಟಿಗೆ 35 ರೂ. ಆದರೆ ಅದು ಸೊನ್ನೆಯಿಂದ ಹೊರಟು 250 ಪ್ಲೇಟಿನಲ್ಲಿ ಖರ್ಚಿನ ಗೆರೆಯನ್ನು ದಾಟುತ್ತದೆ. ಅದಕ್ಕಿಂತ ಕಡಿಮೆ ಹೋದ ದಿನ ಕೈಯಿಂದ ಹಾಕಬೇಕು.

ಗೆರೆ ಕೊನೆಯ ತನಕ ನೇರ ಎಂದು ಮಾತ್ರ ನಂಬಬೇಡಿ. 500 ದಾಟಿದ ಮೇಲೆ ಇನ್ನೊಂದು ಗ್ರೈಂಡರು, ಇನ್ನೊಬ್ಬ ಭಟ್ರು ಬೇಕಾದರೆ ಗೆರೆ ಅಲ್ಲಿ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಆಫೀಸಿನ ಆ ನೂರು ಮಂದಿ ಈಗಾಗಲೇ ನಮ್ಮಲ್ಲಿ 35 ಕೊಟ್ಟು ತಿನ್ನುವ ಗಿರಾಕಿಗಳೇ ಆಗಿದ್ದರೆ, ಲೆಕ್ಕ ಪುನಃ ಮೊದಲಿನಿಂದ.