ಗುಂಪು ಹೊಂದದ ಕಿಡ್ನಿ ಎಷ್ಟು ಕಾಲ ಬಾಳುತ್ತದೆ?

ಮಕ್ಕಳೇ, ರಕ್ತದ ಗುಂಪುಗಳ ಪಾಠ ಮುಗಿದಾಗ ತರಗತಿಯಲ್ಲಿ ಒಂದು ಪ್ರಶ್ನೆ ಬಂತು: "ಸರ್, ಅಮ್ಮನದು ಎ ಗುಂಪು, ಮಗನದು ಬಿ. ಮಗನ ಎರಡೂ ಕಿಡ್ನಿ ಹಾಳಾದ್ರೆ ಅಮ್ಮ ಒಂದು ಕೊಡೋಕೆ ಆಗೋದೇ ಇಲ್ವಾ?"

ಪಾಠದ ಪಟ್ಟಿ ನೋಡಿದರೆ ಆಗದು ಅಂತಲೇ ಹೇಳಬೇಕು. ಎ ಪ್ರತಿಜನಕ ಕೆಂಪು ರಕ್ತಕಣಗಳ ಮೇಲೆ ಮಾತ್ರವಲ್ಲ, ಕಿಡ್ನಿಯ ರಕ್ತನಾಳಗಳ ಒಳಪದರದಲ್ಲೂ ಇರುತ್ತದೆ. ಮಗನ ಪ್ಲಾಸ್ಮಾದಲ್ಲಿರುವ ಎ-ವಿರೋಧಿ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೆ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಹೊಸ ಕಿಡ್ನಿ ಬೇಗನೆ ಹಾಳಾಗುತ್ತದೆ.

ಆದರೂ ದಾರಿ ಇದೆ. ಮೃತರ ಅಂಗದಾನ ತೀರಾ ಕಡಿಮೆ ಇದ್ದ ಜಪಾನಿನಲ್ಲಿ 1989ರಿಂದ ಇಂಥ ಕಸಿ ನಡೆಯುತ್ತಿದೆ. ಕಸಿಗೆ ಮೊದಲೇ ಯಂತ್ರದ ಮೂಲಕ ರೋಗಿಯ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಹೊಸದಾಗಿ ಹುಟ್ಟದಿರಲಿ ಅಂತ ಮೊದಲೆಲ್ಲ ಗುಲ್ಮವನ್ನೇ ತೆಗೆದುಹಾಕುತ್ತಿದ್ದರು. ಈಗ ಅದರ ಬದಲು ಬಿ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಔಷಧ ಕೊಡುತ್ತಾರೆ.

ಮುಂದೆ ಏನಾಗುತ್ತದೆ? 1989ರಿಂದ 2001ರವರೆಗೆ ಜಪಾನಿನಲ್ಲಿ ನಡೆದ 441 ಕಸಿಗಳ ಲೆಕ್ಕ ನೋಡಿ. ಒಂದು ವರ್ಷದ ನಂತರ ಕೆಲಸ ಮಾಡುತ್ತಿದ್ದ ಕಿಡ್ನಿಗಳು ಶೇ. 84, ಒಂಬತ್ತು ವರ್ಷದ ನಂತರ ಶೇ. 59. ಅಂದರೆ ಮೊದಲ ಒಂದೇ ವರ್ಷದಲ್ಲಿ ಶೇ. 16 ನಷ್ಟ, ಆಮೇಲಿನ ಎಂಟು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ ಶೇ. 3ರಷ್ಟು. ಅಪಾಯ ಹೆಚ್ಚು ಇರುವುದು ಆರಂಭದಲ್ಲೇ, ಅದರಲ್ಲೂ ಮೊದಲ ಎರಡು ವಾರಗಳಲ್ಲಿ. ಸೋಜಿಗವೆಂದರೆ, ಆಮೇಲೆ ಪ್ರತಿಕಾಯಗಳು ಮರಳಿ ಬಂದರೂ ಹೆಚ್ಚಿನವರಲ್ಲಿ ಕಿಡ್ನಿಗೆ ಪೆಟ್ಟಾಗುವುದಿಲ್ಲ. ಅವುಗಳ ನಡುವೆಯೇ ಅದು ಹೊಂದಿಕೊಂಡು ಬಾಳುತ್ತದೆ.

ಹೊಸ ಔಷಧಗಳು ಬಂದ ಮೇಲೆ ಫಲಿತಾಂಶ ಇನ್ನೂ ಸುಧಾರಿಸಿದೆ. ದೀರ್ಘಕಾಲದಲ್ಲಿ ಇದು ಗುಂಪು ಹೊಂದಿದ ಕಸಿಗೆ ಸಮೀಪ ಬಂದಿದೆ. ಆದರೆ ರೋಗನಿರೋಧಕ ಶಕ್ತಿಯನ್ನು ಹೆಚ್ಚು ತಗ್ಗಿಸುವುದರಿಂದ ಮೊದಲ ತಿಂಗಳುಗಳಲ್ಲಿ ಸೋಂಕಿನ ಭಯ ಜಾಸ್ತಿ, ಖರ್ಚೂ ಜಾಸ್ತಿ. ಹಾಗಾಗಿ ಗುಂಪು ಹೊಂದುವ ದಾನಿ ಸಿಕ್ಕರೆ ವೈದ್ಯರು ಅದನ್ನೇ ಆರಿಸುತ್ತಾರೆ. ಗುಂಪು ಹೊಂದದ ಎರಡು ಕುಟುಂಬಗಳು ಪರಸ್ಪರ ಕಿಡ್ನಿ ಬದಲಿಸಿಕೊಳ್ಳಲು ನಮ್ಮ ದೇಶದ ಕಾನೂನಿನ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ.

ಆ ಪ್ರಶ್ನೆ ಕೇಳಿದ ಹುಡುಗನಿಗೆ ನನ್ನ ಉತ್ತರ ಇಷ್ಟು: "ಆಗುತ್ತೆ ಮಗಾ, ಆದರೆ ಸಿದ್ಧತೆ ಬೇಕು, ಜಾಗ್ರತೆ ಬೇಕು." ಪಟ್ಟಿ ತಪ್ಪಲ್ಲ, ರಕ್ತ ಕೊಡುವಾಗ ಅದನ್ನು ಮೀರುವಂತಿಲ್ಲ.

ಯೋಚಿಸಿ: ಈ ಅಮ್ಮ-ಮಗನ ಜೊತೆ ಕಿಡ್ನಿ ಬದಲಿಸಿಕೊಳ್ಳುವ ಇನ್ನೊಂದು ಕುಟುಂಬದ ದಾನಿ ಮತ್ತು ರೋಗಿಯ ಗುಂಪು ಯಾವುದಿರಬೇಕು?