ಒಂದೇ ತಿರುವು ಸಾಕು: ಕಾಫಿ ಸೀಮೆಯಲ್ಲಿ ರ‍್ಯಾಲಿ ನೋಡುವ ಸೂತ್ರಗಳು

ಕ್ರಿಕೆಟ್ಟಾದರೆ ಟಿಕೆಟ್ ತಗೊಂಡು ಕುರ್ಚಿಯಲ್ಲಿ ಕೂತರಾಯಿತು, ಆಟ ಕಣ್ಣೆದುರೇ ನಡೆಯುತ್ತದೆ. ರ‍್ಯಾಲಿಗೆ ಕ್ರೀಡಾಂಗಣವೇ ಇಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣು ರಸ್ತೆಯೊಂದನ್ನು ಕೆಲವು ಗಂಟೆ ಮುಚ್ಚಿ, ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ. ಹೀಗೆ ಮುಚ್ಚಿದ ದಾರಿಗೆ ಸ್ಟೇಜು ಅನ್ನುತ್ತಾರೆ. ಕಡಿಮೆ ಹೊತ್ತಿನಲ್ಲಿ ಆಚೆ ತುದಿ ಮುಟ್ಟಿದವರು ಮುಂದೆ. ನಿಂತ ಜಾಗದಿಂದ ನಮಗೆ ಒಂದು ಕಾರು ಕಾಣುವುದು ಹೆಚ್ಚೆಂದರೆ ಹತ್ತು ಸೆಕೆಂಡು. 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇಲ್ಲಿ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಈ ಕೆಂಪು ಮಣ್ಣಿನ ಮೇಲೆ ಸ್ಕೋಡಾ ಫ್ಯಾಬಿಯಾ ಓಡಿಸಿದ್ದಾರೆ. ಅಂಥ ಓಟವನ್ನು ನೋಡಲು ಹೋಗಿ ಬರೀ ದೂಳು ಕುಡಿದು ಬಂದವರೂ ಬಹಳ ಮಂದಿ. ಹಾಗಾಗಬಾರದೆಂದರೆ ಮೊದಲೇ ಒಂದಿಷ್ಟು ಲೆಕ್ಕಾಚಾರ ಬೇಕು.

1. ಇಡೀ ರ‍್ಯಾಲಿ ನೋಡುವ ಆಸೆ ಬಿಡಿ.
ಮೊದಲ ಸಲ ಹೋಗುವವರು ನಕ್ಷೆ ಹರಡಿಕೊಂಡು ಬೆಳಿಗ್ಗೆ ಒಂದು ಸ್ಟೇಜು, ಮಧ್ಯಾಹ್ನ ಎರಡು, ಸಂಜೆ ಮತ್ತೊಂದು ಎಂದು ಗುರುತು ಹಾಕುತ್ತಾರೆ. ಕೊನೆಗೆ ಅವರ ದಿನವೆಲ್ಲ ತೋಟದ ರಸ್ತೆಯ ಟ್ರಾಫಿಕ್ಕಿನಲ್ಲೇ ಕಳೆಯುತ್ತದೆ. ಲೆಕ್ಕ ಹಾಕಿ ನೋಡಿ: ಐವತ್ತು ಕಾರುಗಳನ್ನು ನಿಮಿಷಕ್ಕೊಂದರಂತೆ ಬಿಟ್ಟರೂ ನಿಮ್ಮ ಮುಂದೆ ಎಲ್ಲವೂ ಹಾಯಲು ಮುಕ್ಕಾಲು ಗಂಟೆಗೂ ಮೇಲಾಯಿತು. ಮರಗಳ ಕೆಳಗೆ ದೂಳು ಕರಗದೆ ನಿಂತರೆ ಅಂತರವನ್ನು ಎರಡು ನಿಮಿಷಕ್ಕೆ ಏರಿಸುವುದೂ ಉಂಟು. ಸಾಮಾನ್ಯವಾಗಿ ಒಂದೇ ಸ್ಟೇಜನ್ನು ದಿನದಲ್ಲಿ ಎರಡು ಸಲ ಓಡಿಸುತ್ತಾರೆ. ಒಂದು ತಿರುವು ಆರಿಸಿಕೊಂಡು ಎರಡು ಸುತ್ತನ್ನೂ ಅಲ್ಲೇ ನೋಡಿ. ನನ್ನ ಮಟ್ಟಿಗೆ ಇದರ ಮುಂದೆ ಉಳಿದ ಸೂತ್ರಗಳೆಲ್ಲ ಚಿಲ್ಲರೆ.

2. ವೇಳಾಪಟ್ಟಿಯಲ್ಲಿ ಎರಡು ಸಮಯ ಹುಡುಕಿ.
ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯುವುದು ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅಡಿಯಲ್ಲಿ. ಸುತ್ತು ಹತ್ತಿರವಾದಾಗ ಸಂಘಟಕರು ಸ್ಟೇಜುಗಳ ಹೆಸರು, ಉದ್ದ, ಸಮಯ ಪ್ರಕಟಿಸುತ್ತಾರೆ. ಮೊದಲ ಕಾರು ಹೊರಡುವ ಸಮಯವನ್ನು ಎಲ್ಲರೂ ನೋಡುತ್ತಾರೆ. ನಿಮಗೆ ಬೇಕಾದದ್ದು ರಸ್ತೆ ಮುಚ್ಚುವ ಸಮಯ. ಅದು ಬಹಳ ಮುಂಚೆಯೇ ಇರುತ್ತದೆ, ಮುಚ್ಚಿದ ಮೇಲೆ ಯಾರ ಶಿಫಾರಸೂ ನಡೆಯದು. ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರು ಸುಮಾರು 245 ಕಿಲೋಮೀಟರ್. ಬೆಳಿಗ್ಗೆ ಹೊರಟು ಬೆಳಗಿನ ಸ್ಟೇಜು ಹಿಡಿಯುತ್ತೇನೆ ಅನ್ನುವುದು ಹುಂಬತನ. ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ.

3. ಅದು ಯಾರದೋ ತೋಟ ಎಂಬುದು ನೆನಪಿರಲಿ.
ಸ್ಟೇಜು ಹಾಯುವುದು ಖಾಸಗಿ ಎಸ್ಟೇಟುಗಳ ಒಳಗೆ. ಮಾಲೀಕರು ಒಪ್ಪಿದ್ದಾರೆಂದೇ ರ‍್ಯಾಲಿ ನಡೆಯುತ್ತಿದೆ, ಅವರ ಬೇಲಿ ಮುರಿದರೆ ಮುಂದಿನ ವರ್ಷ ಆ ಸ್ಟೇಜು ಇರುವುದಿಲ್ಲ. ಪ್ರೇಕ್ಷಕರಿಗೆಂದು ಗುರುತಿಸಿದ ದಾರಿಯಲ್ಲೇ ಒಳಗೆ ಹೋಗಿ. ಗೇಟಿನಲ್ಲಿ ತೋಟದ ರೈಟರು ಸಿಕ್ಕರೆ ನಮಸ್ಕಾರ ಹೇಳಿ, ಎಲ್ಲಿ ನಿಲ್ಲಬಹುದು ಎಂದು ಕೇಳಿ. ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ಯಾವ ಕಾಲುದಾರಿ ಎಲ್ಲಿಗೆ ಸೇರುತ್ತದೆ ಎಂಬುದು ನಿಮ್ಮ ಫೋನಿನ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ವರ್ಷದ ಕೊನೆಗೆ ರ‍್ಯಾಲಿ ಬಿದ್ದರೆ ಅರೇಬಿಕಾ ಕೊಯ್ಲಿನ ಕಾಲವೂ ಅದೇ. ಗಿಡದಲ್ಲಿ ಕೆಂಪು ಹಣ್ಣು, ಕಣದಲ್ಲಿ ಒಣಹಾಕಿದ ಕಾಫಿ ಇರುತ್ತದೆ. ಸಾಲಿನ ನಡುವೆ ನುಗ್ಗಿ ಗಿಡದ ರೆಂಬೆ ಮುರಿಯಬೇಡಿ, ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಹತ್ತಬೇಡಿ. ಕಾರ್ಮಿಕರ ಲೈನ್ ಮನೆಗಳ ಅಂಗಳವನ್ನು ಪಾರ್ಕಿಂಗ್ ಮಾಡಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

4. ಧರೆಯ ಮೇಲೆ ನಿಲ್ಲಿ, ಧರೆಯ ಬುಡದಲ್ಲಲ್ಲ.
ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ತಿರುವಿನ ಹೊರಮಗ್ಗುಲಿಗೆ ಚಿಮ್ಮುತ್ತದೆ. ಆದ್ದರಿಂದ ಹೊರಮಗ್ಗುಲಲ್ಲಿ ನಿಲ್ಲುವ ಮಾತೇ ಇಲ್ಲ, ಎಷ್ಟೇ ಒಳ್ಳೆಯ ಫೋಟೊ ಸಿಗುತ್ತಿದ್ದರೂ. ಒಳಮಗ್ಗುಲೂ ಪೂರ್ತಿ ಕ್ಷೇಮವಲ್ಲ: ತಿರುವನ್ನು ಕತ್ತರಿಸಲು ಹೋದ ಕಾರಿನ ಚಕ್ರ ಚರಂಡಿಗೋ ಕಲ್ಲಿಗೋ ಸಿಕ್ಕರೆ ಅದು ಅಲ್ಲೇ ಮಗುಚುತ್ತದೆ. ಏರು ಮುಗಿದು ಇಳಿಜಾರು ಶುರುವಾಗುವ ಕಡೆ, ನೇರ ದಾರಿ ಒಮ್ಮೆಲೇ ತಿರುಗುವ ಕೂಡುರಸ್ತೆಯ ಎದುರು, ಇವೂ ಬೇಡ.

ಉಳಿಯುವುದು ಎತ್ತರದ ಜಾಗ. ಮಲೆನಾಡಿನ ರಸ್ತೆಗಳ ಬದಿಯಲ್ಲಿ ಕಡಿದ ಧರೆಗೇನೂ ಕೊರತೆಯಿಲ್ಲ. ಆಳೆತ್ತರಕ್ಕಿಂತ ಮೇಲಿನ ಧರೆ ಹುಡುಕಿ, ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ, ಏಕೆಂದರೆ ಮಳೆಗಾಲ ಕುಡಿದ ಮಣ್ಣು ತುದಿಯಲ್ಲಿ ಕುಸಿಯುತ್ತದೆ. ಬೆನ್ನ ಹಿಂದೆ ಓಡಲು ಜಾಗ ಇದೆಯೇ ಎಂದೂ ನೋಡಿಕೊಳ್ಳಿ. ಹಿಂದೆ ಮುಳ್ಳುತಂತಿ ಇದ್ದರೆ ಆ ಜಾಗ ಬೇರೆಯವರಿಗಿರಲಿ.

ಇದು ಅತಿ ಎಚ್ಚರಿಕೆ ಅನ್ನಿಸಿದರೆ ಕೇಳಿ. 1986ರಲ್ಲಿ ಪೋರ್ಚುಗಲ್ ರ‍್ಯಾಲಿಯ ಸಿಂತ್ರಾ ಬೆಟ್ಟದ ಸ್ಟೇಜಿನಲ್ಲಿ ಜನ ರಸ್ತೆಗೇ ಇಳಿದು ನಿಂತಿದ್ದರು, ಕಾರು ಅವರ ಮೇಲೆಯೇ ಹೋಗಿ ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 2014ರಲ್ಲಿ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ರ‍್ಯಾಲಿಯಲ್ಲಿ ಸತ್ತ ಮೂವರೂ ಪ್ರೇಕ್ಷಕರೇ. ನಮ್ಮಲ್ಲೂ ಆಗಿದೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ರಾಷ್ಟ್ರೀಯ ಸುತ್ತಿನ ವೇಳೆ ಮುಚ್ಚಿದ ರಸ್ತೆಗೆ ಬೈಕೊಂದು ಬಂದು, ಅದರಲ್ಲಿದ್ದ ಮೂವರು ಪ್ರಾಣ ಕಳೆದುಕೊಂಡರು. ಸ್ಟೇಜು ಕಾಯುವ ಮಾರ್ಷಲ್ ಗದರಿದರೆ ಅದು ಅವರ ದರ್ಪವಲ್ಲ.

5. ಸೀಟಿ ಕೇಳಿದರೆ ಮಾತು ನಿಲ್ಲಿಸಿ.
ಕಾರು ಬರುತ್ತಿದೆ ಎಂದು ಮಾರ್ಷಲ್‌ಗಳು ಸೀಟಿ ಊದುತ್ತಾರೆ. ಸ್ಪರ್ಧೆಯ ಕಾರುಗಳಿಗೂ ಮೊದಲು ಸೊನ್ನೆ ನಂಬರಿನ ಕಾರುಗಳು ರಸ್ತೆ ಪರೀಕ್ಷಿಸುತ್ತಾ ಹಾಯುತ್ತವೆ, ಎಲ್ಲ ಮುಗಿದ ಮೇಲೆ ಸ್ವೀಪರ್ ಕಾರು ಬರುತ್ತದೆ. ಇವೆರಡರ ನಡುವೆ ರಸ್ತೆ ದಾಟಲೇಬಾರದು. ಗಂಟೆಗೆ ನೂರು ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ನೀವು ಫೋನಿನಲ್ಲಿ ಒಂದು ಮೆಸೇಜ್ ಓದುವಷ್ಟರಲ್ಲಿ ಅದು ನೂರು ಮೀಟರ್ ದಾಟಿಯಾಯಿತು. ಇಂಥ ಕಡೆ ಹೆಡ್‌ಫೋನ್ ಹಾಕಿಕೊಳ್ಳುವವರಿಗೆ ಏನು ಹೇಳಬೇಕೋ ತಿಳಿಯದು. ಪುಟ್ಟ ಮಕ್ಕಳ ಕೈ ಬಿಡಬೇಡಿ, ನಾಯಿಯನ್ನು ಮನೆಯಲ್ಲೇ ಬಿಡಿ.

6. ಕಾರು ಮಗುಚಿದರೆ ಓಡಿಹೋಗಬೇಡಿ.
ಎತ್ತಿ ನಿಲ್ಲಿಸುವ ಉತ್ಸಾಹ ನಮ್ಮ ಜನಕ್ಕೆ ಹೆಚ್ಚು. ಆದರೆ ನಿಮಿಷದಲ್ಲಿ ಮುಂದಿನ ಕಾರು ಅದೇ ತಿರುವಿಗೆ ಬರುತ್ತದೆ. ಒಳಗಿದ್ದವರು ಹಸಿರು ಅಕ್ಷರದ ‘ಓಕೆ’ ಫಲಕ ತೋರಿಸಿದರೆ ಅವರಿಗೆ ಏನೂ ಆಗಿಲ್ಲ. ಕೆಂಪು ‘ಎಸ್‌ಒಎಸ್’ ಕಂಡರೆ ವೈದ್ಯರು ಬೇಕು. ಹಿಂದೆ 50 ಮೀಟರಿನಷ್ಟು ದೂರದಲ್ಲಿ ಕೆಂಪು ತ್ರಿಕೋನ ಇಡುವುದೂ ಅವರದೇ ಕೆಲಸ. ಮಾರ್ಷಲ್ ಕರೆದರೆ ಮಾತ್ರ ಕೈ ಕೊಡಿ.

7. ಬರೀ ವೇಗ ನೋಡಬೇಡಿ, ಹೋಲಿಸಿ ನೋಡಿ.
ಒಂದೇ ತಿರುವಿನಲ್ಲಿ ಕೂತಿದ್ದರ ಫಲ ಸಿಗುವುದು ಇಲ್ಲಿ. ತಿರುವಿಗೆ ಮುಂಚಿನ ಒಂದು ಸಿಲ್ವರ್ ಓಕ್ ಮರ, ದಾಟಿದ ಮೇಲಿನ ಒಂದು ಕಂಬ, ಇವೆರಡನ್ನು ಗುರುತು ಮಾಡಿಕೊಂಡು ನಡುವಿನ ಹೊತ್ತನ್ನು ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಕಣ್ಣಿಗೆ ಒಂದೇ ಥರ ಕಂಡ ಇಬ್ಬರ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸ ಸಿಕ್ಕೀತು. ಅಂಥ ನಲವತ್ತು ತಿರುವುಗಳಿದ್ದರೆ ಇಪ್ಪತ್ತು ಸೆಕೆಂಡು! ಹಿಂಬದಿ ಅತಿಯಾಗಿ ಜಾರಿಸಿ ಚಪ್ಪಾಳೆ ಗಿಟ್ಟಿಸಿದ ಕಾರು ಎಷ್ಟೋ ಸಲ ನಿಧಾನದ್ದು.

ಕಿವಿಯನ್ನೂ ಬಳಸಿ. ಕಾರು ಕಾಣುವ ಮೊದಲೇ ಅದರ ಎಂಜಿನ್ ಸದ್ದು ಎಲ್ಲಿ ಇಳಿಯಿತು, ಎಲ್ಲಿ ಮತ್ತೆ ಏರಿತು ಎಂದು ಕೇಳಿ. ಧೈರ್ಯವಂತರು ಬ್ರೇಕನ್ನು ತಡವಾಗಿ ಒತ್ತುತ್ತಾರೆ. ಬಲಕ್ಕೆ ತಿರುಗಬೇಕಾದವರು ಮೊದಲು ಎಡಕ್ಕೆ ಒಮ್ಮೆ ಜಾಡಿಸಿ, ಆ ತೂಗಾಟದಲ್ಲೇ ಕಾರನ್ನು ಬಲಕ್ಕೆ ಎಸೆಯುವುದುಂಟು. ಸ್ಕ್ಯಾಂಡಿನೇವಿಯನ್ ಫ್ಲಿಕ್ ಅನ್ನುವುದು ಇದಕ್ಕೇ. ಪಕ್ಕದ ಸೀಟಿನ ಕೋ-ಡ್ರೈವರ್ ಕಡೆಗೂ ಕಣ್ಣಿರಲಿ. ತಲೆ ಎತ್ತದೆ, ದಾರಿಯ ವಿವರ ಬರೆದುಕೊಂಡ ಪೇಸ್ ನೋಟ್ ಓದುತ್ತಿರುವ ಆತ ಹೇಳುತ್ತಿರುವುದು ಈ ತಿರುವನ್ನಲ್ಲ, ಮುಂದಿನದನ್ನು.

ಒಣ ದಿನದಲ್ಲಿ ಮೊದಲ ಕಾರುಗಳು ಸಡಿಲ ಜಲ್ಲಿಯನ್ನು ಗುಡಿಸಿಕೊಡುತ್ತವೆ, ಹಿಂದಿನವರಿಗೆ ಹಿಡಿತ ಹೆಚ್ಚು. ಎರಡನೇ ಸುತ್ತಿಗೆ ಅದೇ ದಾರಿಯಲ್ಲಿ ಕೊರಕಲು ಬಿದ್ದಿರುತ್ತದೆ. ರಾತ್ರಿ ಒಂದು ಮಳೆ ಸುರಿದಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಕೊನೆಯ ಕಾರುಗಳು ಬರುವ ಮೊದಲೇ ಎದ್ದು ಹೋಗುವವರು ಮಾರುತಿ ಜಿಪ್ಸಿಗಳನ್ನು ನೋಡುವ ಅವಕಾಶ ಕಳೆದುಕೊಳ್ಳುತ್ತಾರೆ. ನನಗಂತೂ ಆ ಡಬ್ಬದಂಥ ಗಾಡಿ ಕುಣಿಯುತ್ತಾ ಬರುವುದೇ ಇಷ್ಟ.

8. ಚೀಲಕ್ಕೆ ಇಷ್ಟು ಸಾಕು.
ನೀರು, ಬುತ್ತಿ, ಟೋಪಿ, ದೂಳಿಗೆ ಒಂದು ಟವೆಲ್, ಬೆಳಗಿನ ಚಳಿಗೆ ಸ್ವೆಟರ್, ಟಾರ್ಚ್, ಚಿಲ್ಲರೆ ಹಣ. ತೋಟದೊಳಗೆ ನೆಟ್‌ವರ್ಕ್ ನಂಬಬೇಡಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಜೊತೆಯವರು ತಪ್ಪಿಹೋದರೆ ಎಲ್ಲಿ ಸೇರುವುದೆಂದು ಮಾತಾಡಿಕೊಳ್ಳಿ. ನೆಲ ಒದ್ದೆಯಿದ್ದರೆ ಇಂಬಳ ಹತ್ತುತ್ತದೆ. ಉದ್ದ ಕಾಲುಚೀಲ ಹಾಕಿ, ಸ್ವಲ್ಪ ಉಪ್ಪು ಇಟ್ಟುಕೊಳ್ಳಿ. ಪುಳಿಯೋಗರೆ ಕಟ್ಟಿಕೊಂಡರೆ ಕೆಡುವುದಿಲ್ಲ. ಎಲೆ, ಪೇಪರು, ಬಾಟಲಿ ಎಲ್ಲ ನಿಮ್ಮ ಚೀಲದಲ್ಲೇ ವಾಪಸು ಬರಲಿ.

9. ಆನೆ ಇದೆಯೇ ಎಂದು ಕೇಳಿ.
ತಮಾಷೆಗೆ ಹೇಳಿದ್ದಲ್ಲ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟಗಳಿಗೆ ಕಾಡಾನೆ ಇಳಿಯುವುದು ಈಗ ಮಾಮೂಲು. ಕಾಟಿಯೂ ಬರುತ್ತದೆ. ಹಿಂದಿನ ದಿನ ಯಾವ ಕಡೆ ಓಡಾಡಿದೆ ಎಂಬುದು ಟೀ ಅಂಗಡಿಯಲ್ಲೇ ತಿಳಿಯುತ್ತದೆ. ಕತ್ತಲಾಗುವ ಮುಂಚೆ ಡಾಂಬರು ರಸ್ತೆಗೆ ಬಂದುಬಿಡಿ, ಅಡ್ಡದಾರಿ ಹಿಡಿಯಬೇಡಿ.

10. ಸ್ವೀಪರ್ ಹೋದ ಕೂಡಲೇ ಕಾರಿಗೆ ಓಡಬೇಡಿ, ಸರ್ವಿಸ್ ಪಾರ್ಕಿಗೆ ಹೋಗಿ.
ಎಲ್ಲರೂ ಒಟ್ಟಿಗೆ ಹೊರಟಾಗ ಆ ಕಿರಿದಾದ ರಸ್ತೆ ಅಲ್ಲಾಡುವುದಿಲ್ಲ. ಅರ್ಧ ಗಂಟೆ ಕೂತು ಉಳಿದ ಬುತ್ತಿ ಮುಗಿಸಿ. ಆಮೇಲೆ ತಂಡಗಳು ಕಾರು ರಿಪೇರಿ ಮಾಡುವ ಜಾಗಕ್ಕೆ ಹೋದರೆ, ಬೆಳಿಗ್ಗೆ ಮಿಂಚಿನಂತೆ ಹಾದದ್ದನ್ನು ಹತ್ತಿರದಿಂದ ನೋಡಬಹುದು. ಬಗ್ಗಿದ ಸಸ್ಪೆನ್ಷನ್, ಹರಿದ ಟಯರು, ಗಡಿಯಾರ ನೋಡುತ್ತಾ ಕಾರಿನಡಿ ಮಲಗಿದ ಮೆಕ್ಯಾನಿಕ್ಕುಗಳು. ಕೆಲಸಕ್ಕೆ ಕೊಟ್ಟಿರುವುದು ಎಣಿಸಿದ ನಿಮಿಷಗಳು. ಅಲ್ಲಿಂದ ಹೊರಡುವ ಕಡೆಯಿರುವ ಟೈಮ್ ಕಂಟ್ರೋಲ್ ಫಲಕದ ಹತ್ತಿರ ಒಂದು ಹತ್ತು ನಿಮಿಷ ನಿಲ್ಲಿ. ಇಷ್ಟು ಅವಸರದವರು ಅಲ್ಲಿ ಕಾರು ನಿಲ್ಲಿಸಿಕೊಂಡು ಸುಮ್ಮನೆ ಕಾಯುತ್ತಿರುತ್ತಾರೆ. ಕಾರಣ ದಂಡದ ನಿಯಮ: ತಡವಾದ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು, ಬೇಗ ಬಂದ ಪ್ರತಿ ನಿಮಿಷಕ್ಕೆ ಪೂರಾ ಒಂದು ನಿಮಿಷ.